ಬಹುಮಾನ ಯಾರಿಗೆ ಎಂದು ಬಾಜಿ ಕಟ್ಟುವ ಮೊಮ್ಮಕ್ಕಳಿಗೆ ಮುತ್ಯಾನ ಕಿವಿಮಾತು

ಸನತ್‌ನಗರದಲ್ಲಿರುವ ಮೊಮ್ಮಕ್ಕಳು ಐಪಿಎಲ್ ಬಂತೆಂದರೆ ಆರೆಂಜ್ ಕ್ಯಾಪ್ ಯಾರ ತಲೆಗೆ, ಫೈನಲ್ಲಿನಲ್ಲಿ ಪಂದ್ಯಶ್ರೇಷ್ಠ ಯಾರು ಎಂದು ಬಾಜಿ ಕಟ್ಟುತ್ತಾರೆ. ಡಲ್ಲಾಸಿನಲ್ಲಿ ಓದುತ್ತಿರುವವನು ಅಲ್ಲಿನ ಕಾಲೇಜು ಫುಟ್‌ಬಾಲಿನ ಹೈಸ್‌ಮನ್ ಟ್ರೋಫಿ ಯಾರಿಗೆ ಎಂದು ಕಟ್ಟುತ್ತಾನೆ. ಊರು ಬೇರೆ, ಚೆಂಡು ಬೇರೆ, ಚಟ ಒಂದೇ. ಬೀದರಿನಿಂದ ಬಂದು ಈ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೇ ಆಯುಷ್ಯ ಸವೆಸಿದವನು ನಾನು. ಓಸಿ, ಮಟಕಾ, ಮಲಕಪೇಟೆಯ ಕುದುರೆ, ಈಗಿನ ಆ್ಯಪು ಎಲ್ಲವೂ ಈ ಓಣಿಗಳಲ್ಲಿ ಬಂದು ಹೋದದ್ದನ್ನು ನೋಡಿದ್ದೇನೆ. ಧರ್ಮರಾಯನ ಕತೆಯನ್ನಂತೂ ಹೇಳುವುದಿಲ್ಲ, ಹೆದರಬೇಡಿ. ಅದನ್ನು ಕೇಳಿ ಜೂಜು ಬಿಟ್ಟವರು ಯಾರೂ ನನ್ನ ಕಣ್ಣಿಗೆ ಬಿದ್ದಿಲ್ಲ. ಲೆಕ್ಕ ಹೇಳುತ್ತೇನೆ, ಕಾನೂನು ಹೇಳುತ್ತೇನೆ, ನಡುವೆ ಒಂದಿಷ್ಟು ಫುಟ್‌ಬಾಲ್ ಕತೆಯನ್ನೂ ಹೇಳುತ್ತೇನೆ. ಅದು ಹೈದರಾಬಾದಿನದೇ ಆಟ. ನಿಮಗೆ ಗೊತ್ತಿಲ್ಲ ಅಷ್ಟೇ.

• ಮೊದಲು ಇದನ್ನು ಕೇಳಿಕೊಳ್ಳಿ: ನೀವು ಬಾಜಿ ಕಟ್ಟುತ್ತಿರುವ ಬಹುಮಾನ ಎಣಿಸಿ ಕೊಡುವಂಥದ್ದೋ, ಓಟು ಹಾಕಿ ಕೊಡುವಂಥದ್ದೋ? ಆರೆಂಜ್ ಕ್ಯಾಪ್ ಎಣಿಕೆಯದು. ಯಾರ ರನ್ ಹೆಚ್ಚೋ ಅವರಿಗೆ. 2016ರಲ್ಲಿ ವಿರಾಟ್ ಕೊಹ್ಲಿ 973, 2025ರಲ್ಲಿ ಸಾಯಿ ಸುದರ್ಶನ್ 759. ಪರ್ಪಲ್ ಕ್ಯಾಪೂ ಹಾಗೆಯೇ. 2025ರಲ್ಲಿ 25 ವಿಕೆಟ್ ಕಿತ್ತು ನಮ್ಮ ಪ್ರಸಿದ್ಧ ಕೃಷ್ಣ ಹಾಕಿಕೊಂಡ. ಅಲ್ಲಿ ಯಾರ ಮುಲಾಜೂ ನಡೆಯದು. ಆದರೆ ಪಂದ್ಯಶ್ರೇಷ್ಠ, ಬ್ಯಾಲನ್ ಡಿಓರ್, ಹೈಸ್‌ಮನ್ ಇವೆಲ್ಲ ನಾಲ್ಕು ಜನ ಕೂತೋ, ನೂರಾರು ಜನ ಚೀಟಿ ಬರೆದೋ ತೀರ್ಮಾನಿಸುವ ಬಹುಮಾನಗಳು. ಮೈದಾನದಲ್ಲಿ ಆಟ ಮುಗಿದ ಮೇಲೆ ಇನ್ನೊಂದು ಆಟ ಅವರ ತಲೆಯಲ್ಲಿ ನಡೆಯುತ್ತದೆ. ನೀವು ದುಡ್ಡು ಹಚ್ಚಿರುವುದು ಆ ಎರಡನೆಯ ಆಟಕ್ಕೆ. ಅದನ್ನು ಯಾವ ಟಿವಿಯಲ್ಲೂ ತೋರಿಸುವುದಿಲ್ಲ.

• ಡಲ್ಲಾಸಿನ ತಮ್ಮಾ, ಈ ಹೈಸ್‌ಮನ್ ಹೇಗೆ ಕೊಡುತ್ತಾರೆಂದು ನಿನಗೆ ಗೊತ್ತೋ ಇಲ್ಲವೋ, ನಾನು ಓದಿಕೊಂಡೆ. 1935ರಿಂದ ನಡೆದು ಬಂದಿದೆ. ದೇಶವನ್ನು ಆರು ವಲಯ ಮಾಡಿ, ವಲಯಕ್ಕೆ 145ರಂತೆ 870 ಮಂದಿ ಪತ್ರಿಕೆ-ಟಿವಿಯವರು ಓಟು ಹಾಕುತ್ತಾರೆ. ಹಿಂದೆ ಗೆದ್ದು ಈಗಲೂ ಬದುಕಿರುವವರಿಗೆ ತಲಾ ಒಂದು ಓಟು. ಅಮೆರಿಕದ ಅಭಿಮಾನಿಗಳೆಲ್ಲ ಸೇರಿದರೆ ಒಂದೇ ಒಂದು ಓಟು. ಪ್ರತಿಯೊಬ್ಬರೂ ಮೂರು ಹೆಸರು ಬರೆಯಬೇಕು. ಮೊದಲ ಹೆಸರಿಗೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1.

ಈ 3-2-1ರ ಒಳಗೆ ಏನೇನು ಆಗಬಹುದು ನೋಡು. 1956ರಲ್ಲಿ ಒಕ್ಲಹೋಮದ ಟಾಮಿ ಮೆಕ್‌ಡೊನಾಲ್ಡ್‌ಗೆ ಎಲ್ಲರಿಗಿಂತ ಹೆಚ್ಚು ಮೊದಲ ಸ್ಥಾನದ ಓಟು ಬಿತ್ತು. ಅವನ ತಂಡ ಆ ವರ್ಷ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಅವನು ಬಂದದ್ದು ಮೂರನೆಯವನಾಗಿ! ಟ್ರೋಫಿ ಹೋದದ್ದು ನೋಟ್ರ ಡೇಮ್‌ನ ಪಾಲ್ ಹಾರ್ನಂಗ್‌ಗೆ. ಅವನ ತಂಡ ಹತ್ತು ಪಂದ್ಯದಲ್ಲಿ ಗೆದ್ದದ್ದು ಎರಡು. ಎರಡನೆಯ, ಮೂರನೆಯ ಹೆಸರಾಗಿ ಬಿದ್ದ ಚಿಲ್ಲರೆ ಅಂಕಗಳೇ ಅವನನ್ನು ದಡ ಸೇರಿಸಿದವು. ಆಟ ನೋಡಿ ಬಾಜಿ ಕಟ್ಟಿದ ಯಾವ ಪಂಟರ್ ಇದನ್ನು ಮುಂಚೆ ಹೇಳಬಲ್ಲವನಾಗಿದ್ದ?

• ಕಪ್ಪು ಗೆದ್ದವರ ಮನೆಗೇ ಬಹುಮಾನವೂ ಹೋಗುತ್ತದೆ ಎಂಬ ಲೆಕ್ಕ ಹಾಕಬೇಡಿ. 2016ರಲ್ಲಿ ಕೊಹ್ಲಿಯ 973 ರನ್ ಬೆಂಗಳೂರಿನದು, ಚಿನ್ನಸ್ವಾಮಿಯಲ್ಲೇ ಕಪ್ಪು ಎತ್ತಿದ್ದು ಹೈದರಾಬಾದು, 8 ರನ್ ಅಂತರದಲ್ಲಿ. 2023ರ ವಿಶ್ವಕಪ್ಪಿನಲ್ಲಿ 765 ರನ್ ಹೊಡೆದು ಟೂರ್ನಿ ಶ್ರೇಷ್ಠನಾದವನೂ ಅವನೇ, ಕಪ್ಪು ಆಸ್ಟ್ರೇಲಿಯಾಕ್ಕೆ.

ಇದಕ್ಕಿಂತ ನಮ್ಮೂರಿನ ಉದಾಹರಣೆ ಸ್ವಾರಸ್ಯದ್ದು. 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಹೈದರಾಬಾದ್ ಎಫ್‌ಸಿ ಐಎಸ್‌ಎಲ್ ಗೆದ್ದಿತು. ಎದುರಿಗೆ ಕೇರಳ ಬ್ಲಾಸ್ಟರ್ಸ್. 1-1 ಆಗಿ ಪೆನಾಲ್ಟಿಗೆ ಹೋದಾಗ ಮೂರು ಪೆನಾಲ್ಟಿ ತಡೆದ ಗೋಲಿ ಲಕ್ಷ್ಮೀಕಾಂತ ಕಟ್ಟಿಮನಿ. ಗೋವಾದವನೇ ಆದರೂ ಅಡ್ಡಹೆಸರು ಕೇಳಿದರೆ ನಮ್ಮ ಕಡೆಯವನೇ ಇರಬೇಕು ಅನ್ನಿಸುತ್ತದೆ. ಈಗ ಬಹುಮಾನಗಳ ಪಟ್ಟಿ ನೋಡಿ. ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಗೋಲ್ಡನ್ ಬೂಟ್ ಹೈದರಾಬಾದಿನ ಒಗ್ಬೆಚೆಗೆ, 18 ಗೋಲು. ಅದು ಎಣಿಕೆಯದು, ಸರಿ. ವರ್ಷದ ಅತ್ಯುತ್ತಮ ಆಟಗಾರನ ಗೋಲ್ಡನ್ ಬಾಲ್ ಮಾತ್ರ ಜಮ್ಷೆಡ್‌ಪುರದ ಗ್ರೆಗ್ ಸ್ಟುವರ್ಟ್‌ಗೆ. ಅವನ ತಂಡ ಸೆಮಿಫೈನಲ್ಲಿನಲ್ಲೇ ಹೊರಬಿದ್ದಿತ್ತು. ಗೋಲ್ಡನ್ ಗ್ಲೌ ಸೋತ ಕೇರಳದ ಗೋಲಿ ಪ್ರಭಸುಖನ್ ಗಿಲ್‌ಗೆ. ಮೂರು ಪೆನಾಲ್ಟಿ ತಡೆದವನಿಗಲ್ಲ. ಯಾರ ತಪ್ಪೂ ಇಲ್ಲ ಇದರಲ್ಲಿ. ಲೀಗಿನ ಉದ್ದಕ್ಕೂ ಆಡಿದ್ದಕ್ಕೆ ಒಂದು ಬಹುಮಾನ, ಒಂದು ರಾತ್ರಿ ಆಡಿದ್ದಕ್ಕೆ ಇನ್ನೊಂದು. ಬಾಜಿ ಕಟ್ಟುವವನಿಗೆ ಮಾತ್ರ ಆ ಒಂದು ರಾತ್ರಿಯೇ ನೆನಪಿರುತ್ತದೆ.

• ಓಟು ಯಾವಾಗ ಹಾಕುತ್ತಾರೆ ಎಂಬುದೂ ಮುಖ್ಯ. 2002ರ ವಿಶ್ವಕಪ್ ಫುಟ್‌ಬಾಲಿನ ಗೋಲ್ಡನ್ ಬಾಲ್‌ಗೆ ಫೈನಲ್ಲಿಗೆ ಮುಂಚೆಯೇ ಓಟು ಬಿದ್ದಿತ್ತು. ಜರ್ಮನಿಯ ಗೋಲಿ ಆಲಿವರ್ ಕಾನ್ ಗೆದ್ದ. ಫೈನಲ್ಲಿನಲ್ಲಿ ಅವನ ಕೈಯಿಂದ ಚೆಂಡು ಜಾರಿತು, ರೊನಾಲ್ಡೊ ಎರಡು ಗೋಲು ಹೊಡೆದ, ಬ್ರೆಜಿಲ್ ಕಪ್ಪು ಎತ್ತಿತು. ಬಹುಮಾನ ಕಾನ್‌ಗೇ.

• ಆಟದ ಯೋಗ್ಯತೆಗೂ ಬಹುಮಾನಕ್ಕೂ ಗಂಟು ಹಾಕಬೇಡಿ ಎಂದು ನಾನು ಹೇಳುವುದು ಹೈದರಾಬಾದಿನ ಕಾರಣದಿಂದ. ಅಜಯ್ ದೇವಗನ್ ಆಡಿದ 'ಮೈದಾನ್' ಸಿನಿಮಾ 2024ರಲ್ಲಿ ಬಂದ ಮೇಲೆ ನಿಮಗೆ ಸಯ್ಯದ್ ಅಬ್ದುಲ್ ರಹೀಮ್ ಸಾಹೇಬರ ಹೆಸರು ಗೊತ್ತಾಯಿತು. ಶಾಲಾ ಮಾಸ್ತರರಾಗಿದ್ದವರು ಅವರು. 1950ರಿಂದ 1954ರವರೆಗೆ ಸತತ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ಪನ್ನು ಹೈದರಾಬಾದ್ ಸಿಟಿ ಪೊಲೀಸ್ ತಂಡ ಇಲ್ಲಿಗೆ ತಂದಿತು, ತರಬೇತು ಅವರದು. ಭಾರತ ತಂಡ 1951ರಲ್ಲಿ ದಿಲ್ಲಿಯಲ್ಲಿ, 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಹೊಡೆದು ನಾಲ್ಕನೆಯ ಸ್ಥಾನಕ್ಕೆ ಬಂದದ್ದು, ಎಲ್ಲ ಅವರ ಕಾಲದಲ್ಲಿ. ಜಕಾರ್ತಾದ ಚಿನ್ನ ಬಂದಾಗ ಶ್ವಾಸಕೋಶದ ಕ್ಯಾನ್ಸರ್ ಅವರನ್ನು ತಿನ್ನುತ್ತಿತ್ತು. 1963ರ ಜೂನಿನಲ್ಲಿ ತೀರಿಕೊಂಡರು. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದು 1985ರಲ್ಲಿ.

ಅವರ ಗರಡಿಯ ತುಳಸೀದಾಸ ಬಲರಾಮ್ ಸಿಕಂದರಾಬಾದಿನ ಅಮ್ಮುಗುಡದ ಹುಡುಗ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಹಂಗೇರಿಯ ಮೇಲೂ ಪೆರುವಿನ ಮೇಲೂ ಗೋಲು ಹೊಡೆದವನು. ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಬಲರಾಮ್: ಆ ಕಾಲದ ಫುಟ್‌ಬಾಲಿನಲ್ಲಿ ಈ ಮೂರು ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಅರ್ಜುನ ಪ್ರಶಸ್ತಿ ಮೂವರಿಗೂ ಬಂತು. 1961, 1963, 1962, ಸಾಲಾಗಿ. ಪದ್ಮಶ್ರೀ ಚುನಿಗೆ 1983ರಲ್ಲಿ, ಪಿ.ಕೆ.ಗೆ 1990ರಲ್ಲಿ. ಬಲರಾಮ್ 2023ರ ಫೆಬ್ರುವರಿಯಲ್ಲಿ ತೀರಿಕೊಂಡರು, ಪದ್ಮಶ್ರೀ ಬರಲಿಲ್ಲ. ಆಟದಲ್ಲಿ ಕಡಿಮೆ ಇದ್ದರೆಂದೋ? ಅಲ್ಲ. ಬಹುಮಾನಕ್ಕೆ ಹೆಸರು ಕಳಿಸುವವರು ಬೇಕು, ಒಳಗೆ ಕೂತವರಿಗೆ ನೆನಪಿರಬೇಕು, ಕಾಲ ಕೂಡಿ ಬರಬೇಕು. 1962ರಲ್ಲಿ ಯಾರಾದರೂ "ಈ ಮೂವರಲ್ಲಿ ಪದ್ಮ ಯಾರಿಗೆ ತಪ್ಪುತ್ತದೆ, ಹಚ್ಚಿ ದುಡ್ಡು" ಎಂದಿದ್ದರೆ, ಆಟ ಚೆನ್ನಾಗಿ ಬಲ್ಲವನೇ ಮೊದಲು ಸೋಲುತ್ತಿದ್ದ.

• ಒಳಗಿನ ಸುದ್ದಿ ನಿಮಗೆ ಬರುವ ಹೊತ್ತಿಗೆ ಭಾವು ಇಳಿದಿರುತ್ತದೆ. 2024ರ ಬ್ಯಾಲನ್ ಡಿಓರ್ ವಿನಿಸಿಯಸ್‌ಗೇ ಎಂದು ವಾರಗಟ್ಟಲೆ ಎಲ್ಲ ಕಡೆಯೂ ಮಾತು. ಬುಕ್ಕಿಗಳ ಭಾವೂ ಹಾಗೇ ಇತ್ತು. ಅಕ್ಟೋಬರ್ 28ರಂದು, ಸಮಾರಂಭದ ದಿನವೇ, ಅವನಿಗಿಲ್ಲ ಎಂಬ ಸುದ್ದಿ ಸೋರಿತು. ರಿಯಲ್ ಮ್ಯಾಡ್ರಿಡ್‌ನವರು ಪ್ಯಾರಿಸ್ಸಿಗೆ ಹೋಗುವುದನ್ನೇ ಬಿಟ್ಟರು. ರೋಡ್ರಿಗೆ 1170 ಅಂಕ, ವಿನಿಸಿಯಸ್‌ಗೆ 1129. ಅಂತರ 41. ಆ ಓಟು ಹಾಕುವವರು ಫಿಫಾ ಪಟ್ಟಿಯ ಮೊದಲ ನೂರು ದೇಶಗಳ ಪತ್ರಕರ್ತರು, ದೇಶಕ್ಕೊಬ್ಬರು. ನಮ್ಮ ದೇಶ ಆ ನೂರರಲ್ಲೇ ಇರಲಿಲ್ಲ. ನಮ್ಮವರ ಒಂದು ಓಟೂ ಇಲ್ಲದ ಬಹುಮಾನದ ಮೇಲೆ ಬೋರಬಂಡದ ಹುಡುಗ ಸಂಬಳ ಹಚ್ಚುತ್ತಾನೆ ಅಂದರೆ ಅವನ ಧೈರ್ಯಕ್ಕೇ ಒಂದು ಬಹುಮಾನ ಕೊಡಬೇಕು.

• ಈಗ ಲೆಕ್ಕ. ಪೆನ್ನು ತಗೊಳ್ಳಿ.

ಇಲ್ಲಿಯ ಬುಕ್ಕಿ "ನಲವತ್ತು-ನಲವತ್ತೆರಡು" ಅನ್ನುತ್ತಾನೆ. ಆ ಹೆಸರು ಗೆಲ್ಲುತ್ತದೆಂದು 100 ಹಚ್ಚಿದವನಿಗೆ 40 ಲಾಭ, ಅದು ಲಗಾಯಿ. ಗೆಲ್ಲುವುದಿಲ್ಲ ಅನ್ನುವವನು 42 ಒಡ್ಡಿ 100ಕ್ಕೆ ಕಾಯುತ್ತಾನೆ, ಅದು ಖಾಯಿ. ಆ ಹೆಸರು ಗೆದ್ದರೆ ನಡುವಿನ ಎರಡು ರೂಪಾಯಿ ಬುಕ್ಕಿಯದು, ಸೋತರೆ ಅವನ ಕೈಯಿಂದ ಏನೂ ಹೋಗದು. ಅಮೆರಿಕದಲ್ಲಿ ಪ್ಲಸ್ 150 ಅಂದರೆ 100 ಹಾಕಿದರೆ 150 ಲಾಭ, ಮೈನಸ್ 150 ಅಂದರೆ 100 ಲಾಭಕ್ಕೆ 150 ಹಾಕಬೇಕು. ಬರೆಯುವ ರೀತಿ ಬೇರೆ, ಕೈಚಳಕ ಒಂದೇ.

ಬಹುಮಾನದ ಬಾಜಿಯಲ್ಲಿ ಹೆಸರು ಹೆಚ್ಚಾದಷ್ಟೂ ಈ ಕಳವು ಹೆಚ್ಚುತ್ತದೆ. ಉದಾಹರಣೆಗೆ ಐದು ಆಯ್ಕೆ ಇಟ್ಟುಕೊಳ್ಳಿ: ಮೊದಲನೆಯವನು ಪ್ಲಸ್ 150, ಎರಡನೆಯವನು ಪ್ಲಸ್ 200, ಮೂರನೆಯವನು ಪ್ಲಸ್ 400, ನಾಲ್ಕನೆಯವನು ಪ್ಲಸ್ 900, "ಉಳಿದ ಯಾರಾದರೂ" ಪ್ಲಸ್ 900. ಯಾರು ಗೆದ್ದರೂ ನನ್ನ ಕೈಗೆ 100 ಬರಬೇಕು ಅಂದರೆ ಪ್ರತಿಯೊಬ್ಬರ ಮೇಲೆ ಎಷ್ಟು ಹಾಕಬೇಕು? ಮೊದಲನೆಯವನ ಮೇಲೆ 40, ಆಮೇಲೆ 33.33, 20, 10, 10. ಕೂಡಿಸಿ. 113.33. ಅಂದರೆ ಎಲ್ಲ ಬಾಗಿಲಿಗೂ ಬೀಗ ಹಾಕಿಕೊಂಡರೂ 113 ಕೊಟ್ಟು 100 ವಾಪಸ್ ತರುತ್ತೀರಿ. ಇದು ನಾನು ಬರೆದುಕೊಂಡ ಅಂಕಿ. ನಿಮ್ಮ ಆ್ಯಪಿನಲ್ಲಿರುವ ಭಾವನ್ನು ಇದೇ ರೀತಿ ಕೂಡಿಸಿ: 100ನ್ನು, ಲಾಭಕ್ಕೆ 100 ಸೇರಿಸಿ ಬಂದದ್ದರಿಂದ ಭಾಗಿಸಿ, 100ರಿಂದ ಗುಣಿಸಿ, ಎಲ್ಲವನ್ನೂ ಒಟ್ಟು ಮಾಡಿ. ನೂರಕ್ಕಿಂತ ಮೇಲೆ ಎಷ್ಟಿದೆಯೋ ಅದು ಬುಕ್ಕಿಯ ಮನೆ ಬಾಡಿಗೆ. ಮೈನಸ್ ಭಾವಿದ್ದರೆ, ಹಾಕುವ ಹಣವನ್ನು ಅದಕ್ಕೇ 100 ಸೇರಿಸಿದ ಮೊತ್ತದಿಂದ ಭಾಗಿಸಿ, 100ರಿಂದ ಗುಣಿಸಿ. ಮೈನಸ್ 150ಕ್ಕೆ 60 ಬರುತ್ತದೆ. ಈ ಲೆಕ್ಕ ಮಾಡದೆ ಬಾಜಿ ಕಟ್ಟುವವನು ಎರ್ರಗಡ್ಡ ರೈತು ಬಜಾರಿನಲ್ಲಿ ತೂಕ ನೋಡದೆ ಈರುಳ್ಳಿ ತರುವವನಂತೆ. ನಿಮ್ಮಜ್ಜಿ ಅಂಥವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು.

• ಮುಂಗಡ ಬಾಜಿ ಬೇಡ. ಆಗಸ್ಟಿನಲ್ಲಿ ಹಚ್ಚಿದ ಹಣ ಡಿಸೆಂಬರಿನವರೆಗೆ ಅವರ ಹತ್ತಿರ ಬಡ್ಡಿಯಿಲ್ಲದೆ ಕೂತಿರುತ್ತದೆ. ಹುಡುಗನ ಮೊಣಕಾಲು ಉಳುಕಿದರೆ ಮುಗಿಯಿತು, ಯಾರೂ ವಾಪಸ್ ಕೊಡುವುದಿಲ್ಲ. 2025ರ ಸೀಸನ್ ಶುರುವಾಗುವ ಮುಂಚೆ ಹೈಸ್‌ಮನ್ ಪಟ್ಟಿಯ ತಲೆಯಲ್ಲಿ ಇದ್ದವನು ನಿನ್ನ ಟೆಕ್ಸಾಸಿನ ಆರ್ಚ್ ಮ್ಯಾನಿಂಗ್. ಮನೆತನದ ಹೆಸರೇ ಅರ್ಧ ಓಟು ತರುತ್ತದೆ ಎಂದುಕೊಂಡಿದ್ದರು. ಡಿಸೆಂಬರಿನಲ್ಲಿ ಕೊನೆಯ ನಾಲ್ವರಲ್ಲೂ ಅವನಿರಲಿಲ್ಲ. ಗೆದ್ದವನು ಇಂಡಿಯಾನಾದ ಫರ್ನಾಂಡೊ ಮೆಂಡೋಜಾ; ಆ ವಿಶ್ವವಿದ್ಯಾಲಯಕ್ಕೆ ಅದೇ ಮೊದಲ ಹೈಸ್‌ಮನ್.

• ಕೊನೆಯ ವಾರ ಹಚ್ಚಿದರೆ? ಎಲ್ಲರಿಗೂ ಗೊತ್ತಾಗಿರುತ್ತದೆ, ಸಾವಿರ ಹಾಕಿದರೆ ಐವತ್ತು ಬಂದೀತು. ತಲೆನೋವಿನ ಮಾತ್ರೆಗೆ ಸಾಲದು.

• ಪ್ರೀತಿಯ ಮೇಲೆ ಬಾಜಿ ಕಟ್ಟಬೇಡಿ. ಹೈದರಾಬಾದಿನಲ್ಲಿ ಇದ್ದುಕೊಂಡು ಆರ್‌ಸಿಬಿ ಅನ್ನುವ ಕನ್ನಡದ ಹುಡುಗರ ಸಂಕಟ ನನಗೆ ಗೊತ್ತು. ಉಪ್ಪಲ್ ಸ್ಟೇಡಿಯಮ್ಮಿನಲ್ಲಿ ಕಿತ್ತಳೆ ಬಣ್ಣದ ನಡುವೆ ಕೆಂಪು ಅಂಗಿ ತೊಟ್ಟು ಕೂರುತ್ತೀರಿ, ಕೂಗುತ್ತೀರಿ, ಚೆನ್ನ. ಆದರೆ ಅಲ್ಲಿ ಕೂಗಿದ ಗಂಟಲಿಗೂ ಮೊಬೈಲಿನಲ್ಲಿ ಒತ್ತುವ ಬೆರಳಿಗೂ ಸಂಬಂಧ ಇರಬಾರದು. ಬುಕ್ಕಿಗೆ ಅಭಿಮಾನಿಗಳೆಂದರೆ ಬಲು ಇಷ್ಟ. ಒಂದೇ ಹೆಸರಿಗೆ ಎಲ್ಲರೂ ಮುಗಿಬೀಳುತ್ತೀರೆಂದು ಗೊತ್ತಿರುವುದರಿಂದ ಆ ಹೆಸರಿನ ಭಾವನ್ನು ಮೊದಲೇ ಇಳಿಸಿಟ್ಟಿರುತ್ತಾನೆ. ಪ್ರೀತಿಗೆ ನೀವು ತೆರುವ ಸುಂಕ ಅದು.

• ಕಾನೂನು ಗೊತ್ತಿಲ್ಲ ಅನ್ನಬೇಡಿ, ಇಲ್ಲಿ ಬರೆದಿದ್ದೇನೆ. ತೆಲಂಗಾಣ ತನ್ನ ಜೂಜು ಕಾಯ್ದೆಗೆ 2017ರಲ್ಲೇ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ರಮ್ಮಿ ಸಮೇತ, ನಿಷೇಧಿಸಿತು. 2025ರ ಮಾರ್ಚಿನಲ್ಲಿ ಇಲ್ಲೇ ಮಿಯಾಪುರ, ಪಂಜಾಗುಟ್ಟ ಠಾಣೆಗಳಲ್ಲಿ ಬೆಟ್ಟಿಂಗ್ ಆ್ಯಪಿನ ಜಾಹೀರಾತು ಮಾಡಿದ ಆರೋಪದ ಮೇಲೆ ಸಿನಿಮಾದವರು, ಯೂಟ್ಯೂಬಿನವರ ವಿರುದ್ಧ ಕೇಸು ದಾಖಲಾದವು. ಅದೇ ವರ್ಷ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು, ಆಗಸ್ಟ್ 22ಕ್ಕೆ ರಾಷ್ಟ್ರಪತಿಯ ಅಂಕಿತ ಬಿತ್ತು. ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದರೆ 2 ವರ್ಷ, 50 ಲಕ್ಷ. ಡ್ರೀಮ್11ನಂಥ ದೊಡ್ಡವರೇ ದುಡ್ಡಿನ ಆಟ ನಿಲ್ಲಿಸಿದರು. ಅಷ್ಟಾದ ಮೇಲೂ ನಿಮ್ಮ ಮೊಬೈಲಿನಲ್ಲಿ ಒಂದು ಆ್ಯಪು ಹಣ ತಗೊಳ್ಳುತ್ತಿದೆ ಅಂದರೆ ಅದು ಯಾವ ದೇಶದ್ದು, ಯಾರದ್ದು ಎಂದು ನೀವೇ ಯೋಚಿಸಿ.

• ಇನ್ನೊಂದು ನಿಯಮ ಓದಿ ನನಗೆ ನಗು ಬಂತು. ವಿದೇಶಕ್ಕೆ ಹಣ ಕಳಿಸುವ ಬಗ್ಗೆ 2000ದಲ್ಲಿ ಮಾಡಿದ ಫೆಮಾ ನಿಯಮಗಳಲ್ಲಿ, ಕಳಿಸಲೇಬಾರದ ಬಾಬ್ತುಗಳ ಪಟ್ಟಿಯಲ್ಲಿ ಲಾಟರಿ ಟಿಕೆಟಿನ ಜೊತೆಗೆ "ಫುಟ್‌ಬಾಲ್ ಪೂಲ್" ಎಂದು ಹೆಸರು ಹಿಡಿದೇ ಬರೆದಿದ್ದಾರೆ. ಹಾಗಾಗಿ ಡಲ್ಲಾಸಿನ ತಮ್ಮಾ, "ಅಣ್ಣಾ, ಅಲ್ಲಿಂದ ಸ್ವಲ್ಪ ಹಣ ಹಾಕು, ಇಲ್ಲಿ ಹಚ್ಚುತ್ತೇನೆ" ಎಂದು ಸನತ್‌ನಗರದವರಿಗೆ ಕೇಳಬೇಡ. ನಿನ್ನ ಟೆಕ್ಸಾಸಿನಲ್ಲೂ ಆಟದ ಮೇಲಿನ ಬೆಟ್ಟಿಂಗ್ ಆ್ಯಪಿಗೆ ಲೈಸೆನ್ಸ್ ಇಲ್ಲ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ರಾಜ್ಯಗಳ ಇಷ್ಟಕ್ಕೆ ಬಿಟ್ಟ ಮೇಲೆ ಹಲವು ರಾಜ್ಯಗಳು ಬಾಗಿಲು ತೆರೆದವು, ನಿನ್ನದು ತೆರೆದಿಲ್ಲ. ತೆರೆದ ಓಹಾಯೊ ಕೂಡ 2024ರಲ್ಲಿ ಕಾಲೇಜಿನ ಒಬ್ಬೊಬ್ಬ ಆಟಗಾರನ ಸಾಧನೆಯ ಮೇಲೆ ಬಾಜಿ ಕಟ್ಟುವುದನ್ನು ನಿಲ್ಲಿಸಿತು. ಸೋತವರು ಆ ಹುಡುಗರಿಗೇ ಬೈಗುಳ, ಬೆದರಿಕೆ ಕಳಿಸುತ್ತಿದ್ದರು. ಸ್ಟೂಡೆಂಟ್ ವೀಸಾದ ಮೇಲಿರುವವನು ಹತ್ತು ಡಾಲರಿಗಾಗಿ ಪೊಲೀಸರ ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳಬಾರದು. ನಿಮ್ಮಪ್ಪ ಸಾಲ ಮಾಡಿ ಕಳಿಸಿದ್ದಾನೆ.

• ಗೆದ್ದರೆ ಯಾರು ಕೊಡುತ್ತಾರೆ? 1872ರ ಕರಾರು ಕಾಯ್ದೆಯ 30ನೆಯ ಕಲಮಿನ ಪ್ರಕಾರ ಬಾಜಿಯ ಕರಾರು ಶೂನ್ಯ. ಬುಕ್ಕಿ ಕೈ ಎತ್ತಿದರೆ ನೀವು ಕೋರ್ಟಿಗೆ ಹೋಗುವಂತಿಲ್ಲ. ನೀವು ಕೊಡದಿದ್ದರೆ ಅವನೂ ಹೋಗುವಂತಿಲ್ಲ. ಅದಕ್ಕೇ ಅವನು ಕೋರ್ಟಿನ ಬದಲು ಹುಡುಗರನ್ನು ಕಳಿಸುತ್ತಾನೆ. ಆಟವೇ ಮೋಸದ್ದಾಗಿದ್ದರೆ? 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಫಿಕ್ಸಿಂಗ್ ಆರೋಪದಲ್ಲಿ ಬೆಂಗಳೂರಿನ ಸಿಸಿಬಿ ಆಟಗಾರರನ್ನೂ ಹಿಡಿಯಿತು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು, ಮ್ಯಾಚ್ ಫಿಕ್ಸಿಂಗ್ ಐಪಿಸಿಯ 420ನೆಯ ಕಲಮಿನ ವಂಚನೆ ಆಗುವುದಿಲ್ಲ ಎಂದು ಹೇಳಿ ಆ ಕೇಸನ್ನು ರದ್ದು ಮಾಡಿತು. ಹಾಗಾದರೆ ದುಡ್ಡು ಕಳೆದುಕೊಂಡವನು ಯಾರ ಬಾಗಿಲಿಗೆ ಹೋಗಬೇಕು? ನೀವೇ ಹೇಳಿ.

• ತೆರಿಗೆಯನ್ನು ಮರೆತು ಲಾಭ ಎಣಿಸುತ್ತೀರಿ. ಬಾಜಿಯಲ್ಲಿ ಗೆದ್ದದ್ದಕ್ಕೆ ಶೇ 30 ತೆರಿಗೆ, ಮೇಲೆ ಶೇ 4 ಸೆಸ್. ಸೋತದ್ದನ್ನು ಕಳೆಯಲು ಬಿಡುವುದಿಲ್ಲ. ಒಂದು ಬಾಜಿಯಲ್ಲಿ 10,000 ಗೆದ್ದು, ಇನ್ನೊಂದರಲ್ಲಿ 10,000 ಸೋತವನು "ಸಮ ಆಯಿತು" ಅನ್ನುತ್ತಾನೆ. ಅಲ್ಲ, 3,120 ರೂಪಾಯಿ ಬಾಕಿ.

• "ಐಡಿ" ಕೊಡುತ್ತೇನೆ, ಬಾಜಿ ಕಟ್ಟು ಎಂದು ವಾಟ್ಸ್‌ಆ್ಯಪಿನಲ್ಲಿ ಬರುವವನಿಗಿಂತ ದೊಡ್ಡ ಅಪಾಯ "ನಿನ್ನ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡು" ಎಂದು ಬರುವವನು. ಎಸ್‌ಆರ್‌ಟಿ ಕ್ವಾರ್ಟರ್ಸ್ ಕಡೆಯ ಹುಡುಗರೇ, ಕೆಲಸ ಹುಡುಕುತ್ತಿರುವವರೇ, ಇದನ್ನು ಎರಡು ಸಲ ಓದಿ. ಪಾಸ್‌ಬುಕ್ಕು, ಎಟಿಎಂ ಕಾರ್ಡು, ಆ ಖಾತೆಯ ಸಿಮ್ಮು ಕೊಟ್ಟರೆ ತಿಂಗಳಿಗೆ ಇಷ್ಟು ಎಂದು ಆಸೆ ತೋರಿಸುತ್ತಾರೆ. ಜೂಜಿನ ಹಣ, ಮೋಸದ ಹಣ ಎಲ್ಲ ಅದರೊಳಗೆ ಹರಿದು ಹೋಗುತ್ತದೆ. ಪೊಲೀಸರು ಬಂದಾಗ ಸಿಗುವ ಹೆಸರು, ವಿಳಾಸ, ಆಧಾರ್ ನಿಮ್ಮದು. ಅವನು ದುಬೈನಲ್ಲೋ ಎಲ್ಲೋ ಕೂತಿರುತ್ತಾನೆ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಖಾತೆ ನಿಲ್ಲಿಸಿ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ನಿಮ್ಮದೇ ಹಣ ಆನ್‌ಲೈನಿನಲ್ಲಿ ಮೋಸ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ. ನಾಚಿಕೊಂಡು ಕಾದಷ್ಟೂ ಹಣ ದೂರ ಹೋಗುತ್ತದೆ.

• ಟೆಲಿಗ್ರಾಮಿನಲ್ಲಿ "ಹೋದ ಸಲ ನಾವು ಹೇಳಿದವನೇ ಗೆದ್ದ" ಅನ್ನುವ ಪಂಡಿತರ ಗುಟ್ಟು ಬಹಳ ಸರಳ. 1,200 ಜನರ ಪಟ್ಟಿ ಮಾಡುತ್ತಾನೆ. ಕೊನೆಯ ಸುತ್ತಿನಲ್ಲಿ ನಾಲ್ಕು ಹೆಸರಿದ್ದರೆ 300 ಜನಕ್ಕೆ ಒಂದೊಂದು ಹೆಸರು ಕಳಿಸುತ್ತಾನೆ. ಯಾರು ಗೆದ್ದರೂ 300 ಜನಕ್ಕೆ ಅವನು ಸತ್ಯವಂತ. ಮುಂದಿನದು ಎರಡು ತಂಡದ ಪಂದ್ಯ: 150 ಜನಕ್ಕೆ ಇದು, 150 ಜನಕ್ಕೆ ಅದು. ಇನ್ನೊಂದು ಸುತ್ತು ಮುಗಿದಾಗ 75 ಜನ ಉಳಿಯುತ್ತಾರೆ. ಅವರ ಪಾಲಿಗೆ ಅವನು ಮೂರು ಸಲ ತಪ್ಪದೆ ಹೇಳಿದ ತ್ರಿಕಾಲಜ್ಞಾನಿ. ನಾಲ್ಕನೆಯದಕ್ಕೆ ಫೀಸು ಕೇಳುತ್ತಾನೆ.

• "ಇದು ಬೆಟ್ಟಿಂಗ್ ಅಲ್ಲ ಮುತ್ಯಾ, ಒಪಿನಿಯನ್ ಟ್ರೇಡಿಂಗ್" ಅನ್ನುತ್ತೀರಿ. ಹೌದಪ್ಪ.

• ಚೀಟಿಯ ಕಂತು, ಇಎಂಐ, ಅಮ್ಮನ ಔಷಧಿಯ ಹಣ, ಗೆಳೆಯನಿಂದ ತಂದದ್ದು, ಲೋನ್ ಆ್ಯಪಿನ ಸಾಲ: ಇವನ್ನು ಬಾಜಿಗೆ ಮುಟ್ಟಿದ ದಿನವೇ ನಿಮಗೆ ಚಟ ಹತ್ತಿದೆ ಎಂದು ತಿಳಿಯಿರಿ. ಇನ್ನೂ ಕೆಲವು ಗುರುತುಗಳಿವೆ. ಸೋತದ್ದನ್ನು ಅದೇ ರಾತ್ರಿ ವಾಪಸ್ ತೆಗೆಯುತ್ತೇನೆಂದು ದುಪ್ಪಟ್ಟು ಹಚ್ಚುವುದು. ಮನೆಯವರು ಬಂದರೆ ಮೊಬೈಲ್ ಬೋರಲು ಹಾಕುವುದು. ಗೆದ್ದದ್ದನ್ನು ಹತ್ತು ಸಲ ಹೇಳಿ ಸೋತದ್ದನ್ನು ನುಂಗುವುದು. ವೈದ್ಯರು 2013ರಿಂದ ಜೂಜಿನ ಚಟವನ್ನು ಕುಡಿತ, ಮಾದಕ ವಸ್ತುಗಳ ಚಟದ ಸಾಲಿನಲ್ಲೇ ಇಟ್ಟಿದ್ದಾರೆ. ಅದು ಬುದ್ಧಿಗೇಡಿತನ ಅಲ್ಲ, ಕಾಯಿಲೆ, ಬೈದರೆ ಹೋಗದು.

• ಸಿಕ್ಕಿಬಿದ್ದಿದ್ದರೆ ಹೀಗೆ ಮಾಡಿ. ಎಲ್ಲ ಸಾಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ, ಯಾವುದನ್ನೂ ಬಿಡದೆ. ಮನೆಯಲ್ಲಿ ಒಬ್ಬರಿಗೆ ಆ ಹಾಳೆ ತೋರಿಸಿ. ಅಪ್ಪನಿಗೆ ಹೇಳಲು ಭಯವಾದರೆ ಕಾಕಾನಿಗೆ ಹೇಳಿ, ಅವನಿಗೂ ಆಗದಿದ್ದರೆ ನನ್ನ ಹತ್ತಿರ ಬನ್ನಿ, ಬಾಗಿಲು ಹಾಕಿಕೊಂಡು ಮಾತಾಡೋಣ. ಯುಪಿಐ ಮಿತಿಯನ್ನು ಬ್ಯಾಂಕಿನಲ್ಲಿ ಇಳಿಸಿ. ಸಂಬಳದ ಖಾತೆಯನ್ನು ಕೆಲ ತಿಂಗಳು ಹೆಂಡತಿಯೋ ಅಕ್ಕನೋ ನೋಡಿಕೊಳ್ಳಲಿ. ಹಳೇ ಸಾಲ ತೀರಿಸಲು ಹೊಸ ಬಾಜಿ ಮಾತ್ರ ಬೇಡ.

ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು, ದುಡ್ಡು ಬೇಡ, ಕನ್ನಡದಲ್ಲೂ ಮಾತಾಡುತ್ತಾರೆ. ಎರ್ರಗಡ್ಡದ ಮಾನಸಿಕ ಆರೋಗ್ಯ ಸಂಸ್ಥೆ ನಮ್ಮ ಮನೆಯಿಂದ ಆಟೋ ಹಿಡಿದರೆ ಬರುತ್ತದೆ. "ಎರ್ರಗಡ್ಡಕ್ಕೆ ಕಳಿಸ್ತೀನಿ" ಎಂದು ಹೈದರಾಬಾದಿನಲ್ಲಿ ತಮಾಷೆ ಮಾಡುವ ರೂಢಿ ಇದೆಯಲ್ಲ, ಆ ತಮಾಷೆಯಿಂದಲೇ ಎಷ್ಟೋ ಹುಡುಗರು ಅದರ ಗೇಟು ದಾಟಲು ಅಂಜುತ್ತಾರೆ. ಅಂಜಬೇಡಿ. ಹೊರರೋಗಿ ಚೀಟಿ ಮಾಡಿಸಿ ಕೂತರೆ ಪಕ್ಕದಲ್ಲಿ ನಿಮ್ಮಂಥವರೇ ಇರುತ್ತಾರೆ. ಬೆಂಗಳೂರಿನಲ್ಲಿದ್ದವರಿಗೆ ನಿಮ್ಹಾನ್ಸ್ ಇದೆ. ಮೊಬೈಲಿನ ಚಟಕ್ಕೆಂದೇ 2014ರಿಂದ ಅಲ್ಲಿ ಶಟ್ ಎಂಬ ಕ್ಲಿನಿಕ್ ನಡೆಯುತ್ತಿದೆ.

• ಅಪ್ಪ-ಅಮ್ಮಂದಿರಿಗೂ ಒಂದು ಮಾತು. ಸಾಲ ಒಮ್ಮೆ ತೀರಿಸಿದರೆ ಸಾಕು ಎಂದು ಬೀದರಿನ ಹೊಲ ಮಾರಲು ಓಡಬೇಡಿ. ಹಾಳೆ ನೋಡಿ, ಡಾಕ್ಟರಿಗೆ ತೋರಿಸಿ, ಆಮೇಲೆ ಕಂತಿನ ಮಾತು. ಕೈಗೆ ನಗದು ಕೊಡಬೇಡಿ, ನೇರವಾಗಿ ಸಾಲ ಕೊಟ್ಟವನಿಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

• ಊಹಿಸುವ ಖುಷಿಯನ್ನೇ ಬಿಡಿ ಅನ್ನುವವನಲ್ಲ ನಾನು. ಯಾರಿಗೆ ಬಹುಮಾನ ಎಂದು ಜಗಳ ಆಡುವುದರಲ್ಲಿ ರಸ ಇದೆ. ಸಂತೋಷ್ ಟ್ರೋಫಿಯನ್ನು ಕರ್ನಾಟಕ 54 ವರ್ಷದ ಮೇಲೆ ಗೆದ್ದ ದಿನ, 2023ರ ಮಾರ್ಚ್ 4ರಂದು, ರಿಯಾದಿನಲ್ಲಿ ಮೇಘಾಲಯದ ಮೇಲೆ 3-2 ಆದಾಗ, ನಮ್ಮ ಮನೆಯಲ್ಲಿ ಒಂದು ಪೈಸೆ ಹಚ್ಚದೆಯೇ ಎಷ್ಟು ಗದ್ದಲ! 1956-57, 57-58ರಲ್ಲಿ ಹೈದರಾಬಾದು ಸತತ ಎರಡು ಸಲ ಗೆದ್ದ ಕಪ್ಪು ಅದು ಎಂದು ನಾನು ಹೇಳಿದ್ದಕ್ಕೆ, ಮೈಸೂರು 1946-47ರಲ್ಲೇ ಗೆದ್ದಿತ್ತು ಎಂದು ನಿಮ್ಮ ಕಾಕಾ ವಾದಕ್ಕೆ ಬಂದ.

ಹಾಗಾಗಿ ನಮ್ಮ ಮನೆಯ ಪದ್ಧತಿ ಇಟ್ಟುಕೊಳ್ಳಿ. ಸೀಸನ್ ಶುರುವಾಗುವ ಮುಂಚೆ ಎಲ್ಲರೂ ಮೂರು ಹೆಸರು ಬರೆದು ಚೀಟಿ ಮಡಚಿ ಡಬ್ಬಿಗೆ ಹಾಕಬೇಕು, ಹೈಸ್‌ಮನ್ನಿನವರ ಹಾಗೆಯೇ 3-2-1 ಅಂಕ. ಡಲ್ಲಾಸಿನವನು ವಿಡಿಯೊದಲ್ಲಿ ಹೇಳಿದ್ದನ್ನು ಅವನ ತಂಗಿ ಬರೆದು ಹಾಕಲಿ. ಬಹುಮಾನ ಘೋಷಣೆ ಆದ ಸಂಜೆ ಡಬ್ಬಿ ಬಿಚ್ಚಿ ಎಣಿಸುವುದು. ಕಡಿಮೆ ಅಂಕ ಬಂದವರು ಎಲ್ಲರಿಗೂ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ಕೊಡಿಸಬೇಕು. ಸಮ ಆದರೆ ಇಬ್ಬರೂ ಅರ್ಧರ್ಧ. ಚೀಟಿಯ ಮೇಲೆ ತಾರೀಖು ಕಡ್ಡಾಯ. ತಾರೀಖಿಲ್ಲದ ಚೀಟಿಯನ್ನು ಎಣಿಸುವುದಿಲ್ಲ. ಡಬ್ಬಿಯ ಕೀಲಿ ನಿಮ್ಮಜ್ಜಿಯ ಹತ್ತಿರ.